ಅಕ್ಕನ ಆರು ಚಮಚ

ನಮ್ಮಕ್ಕ ಇಪ್ಪತ್ತಾರು ವರ್ಷ ಆಸ್ಪತ್ರೆಯ ಅಡಿಗೆಮನೆಯಲ್ಲಿ ಒಲೆ ಮುಂದೆ ನಿಂತವಳು. ನಾನು ಅದೇ ಆಸ್ಪತ್ರೆಯಲ್ಲಿ ಊಟದ ಗಾಡಿ ತಳ್ಳುತ್ತೇನೆ. ಅವಳು ಬೇಯಿಸಿದ್ದನ್ನು ಮೇಲಿನ ವಾರ್ಡುಗಳಿಗೆ ಒಯ್ಯುವುದು, ಉಂಡ ತಟ್ಟೆಗಳನ್ನು ಕೆಳಕ್ಕೆ ತರುವುದು, ಇಷ್ಟೇ ನನ್ನ ಕೆಲಸ. ಹೆಚ್ಚು ಓದಿದವನಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಅಕ್ಕ ಒಂದು ಕಡೆ ಕೂರುವ ಹೆಂಗಸಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಅಮ್ಮ ಹೇಳುತ್ತಿದ್ದಳು. ಊಟಕ್ಕೆ ಕೂತರೆ ಎರಡು ತುತ್ತಿಗೊಮ್ಮೆ ಎದ್ದು ಒಲೆ ಆರಿಸಿದೆನೋ ಇಲ್ಲವೋ ನೋಡುತ್ತಾಳೆ. ಬಾಗಿಲಿಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋದವಳು ವಾಪಸು ಬಂದು ಬೀಗ ಎಳೆದು ನೋಡುತ್ತಾಳೆ. ಭಾವ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಅವರ ಹೊಲಿಗೆ ಯಂತ್ರ. ನಾನೂ ಅವರ ಜೊತೆಯಲ್ಲೇ ಇದ್ದೇನೆ.

"ನಿಮ್ಮಕ್ಕನ್ನ ಕೂರಿಸ್ಬೇಕು ಅಂದ್ರೆ ಬಟ್ಟೆಗೂ ಕುರ್ಚಿಗೂ ಸೇರಿಸಿ ಹೊಲಿಗೆ ಹಾಕ್ಬೇಕು ಕಣೋ," ಎನ್ನುತ್ತಾರೆ ಭಾವ. "ಆಗ್ಲೂ ಕುರ್ಚಿ ಸಮೇತ ಎದ್ದು ಹೋಗ್ತಾಳೆ."

ಅವಳು ಕೆಲಸಕ್ಕೆ ಸೇರಿದ ಮೊದಲ ದಿನ ಅಲ್ಲಿದ್ದ ಹಳೇ ಅಡಿಗೆಯಾಕೆ ಅವಳ ಕೈಗೆ ಒಂದು ದೊಡ್ಡ ಚಮಚ ಕೊಟ್ಟಳಂತೆ. ದಪ್ಪ ಅಲ್ಯೂಮಿನಿಯಂ ಚಮಚ, ಉದ್ದನೆಯ ಹಿಡಿ. "ಮೂರು ಸಣ್ಣ ಚಮಚ ಹಾಕಿದ್ರೆ ಇದು ತುಂಬತ್ತೆ. ಇಂಥದ್ದು ಹದಿನಾರು ಹಾಕಿದ್ರೆ ಒಂದು ಬಟ್ಟಲು. ಇಷ್ಟು ತಲೇಲಿರ್ಲಿ, ಮಿಕ್ಕಿದ್ದು ನಾಲಿಗೆ ನೋಡ್ಕೊಳ್ಳತ್ತೆ," ಎಂದು ಹೇಳಿಕೊಟ್ಟಳಂತೆ. ಅಕ್ಕ ಅದೇ ಚಮಚದಲ್ಲಿ ಅಳೆದಳು. ಅದೇ ಚಮಚದಲ್ಲಿ ಪಾತ್ರೆಯ ತಳ ಕೆರೆದು ಸೀದದ್ದನ್ನು ಎಬ್ಬಿಸಿದಳು. ಎರಡು ಕೆಲಸಕ್ಕೂ ಒಂದೇ. ಬೇರೆ ಸೌಟಿದ್ದರೂ ಮುಟ್ಟುತ್ತಿರಲಿಲ್ಲ. ಕೈಗೆ ಒಗ್ಗಿದ್ದು ಬಿಟ್ಟು ಬೇರೆ ಹಿಡಿದರೆ ಪರರ ಚಪ್ಪಲಿ ಮೆಟ್ಟಿದ ಹಾಗೆ ಎನ್ನುತ್ತಿದ್ದಳು.

ಅವಳ ಒಲೆ ಪಥ್ಯದ ಒಲೆ. ಮೂರನೇ ಮಹಡಿಯ ಕಿಡ್ನಿ ವಾರ್ಡಿನ ಅರವತ್ತು ಮಂದಿಗೆ ಬೇಕಾದ ಸೂಪು, ಗಂಜಿ, ಬೇಯಿಸಿದ ಆಲೂಗಡ್ಡೆ, ತರಕಾರಿ ಎಲ್ಲ ಅಲ್ಲಿ. ಆ ವಾರ್ಡಿನವರಿಗೆ ಉಪ್ಪು ಅಳೆದು ಕೊಡಬೇಕು, ನೀರೂ ಅಳೆದು ಕೊಡಬೇಕು. ಹೆಚ್ಚಾದರೆ ಮೈಯಲ್ಲಿ ನೀರು ತುಂಬಿ ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ. ಇಪ್ಪತ್ತಾರು ವರ್ಷದಲ್ಲಿ ಅಕ್ಕನ ಒಲೆಯಿಂದ ಒಬ್ಬರಿಗೂ ಹಾಗಾಗಿರಲಿಲ್ಲ. ಅವಳಿಗೆ ಇದ್ದ ಹೆಮ್ಮೆ ಅದೊಂದೇ.

ಹೋದ ವರ್ಷ ಅವಳ ಬಲಭುಜ ಕೈಕೊಟ್ಟಿತು. ದೊಡ್ಡ ಪಾತ್ರೆ ಎತ್ತಲಾಗದು. ಅದೇ ಹೊತ್ತಿಗೆ ಪಥ್ಯ ನೋಡಿಕೊಳ್ಳಲು ಹೊಸ ಮೇಡಂ ಬಂದರು. ಒಳ್ಳೆಯವರು, ಎಲ್ಲವನ್ನೂ ಬರೆದಿಡಬೇಕು ಎನ್ನುವವರು. ಒಂದು ಮಧ್ಯಾಹ್ನ ಅಕ್ಕನನ್ನು ಎದುರಿಗೆ ಕೂರಿಸಿಕೊಂಡರು. ಅಕ್ಕ ಕೂತ ಹಾಗೆ ಮಾಡಿ ಮತ್ತೆ ನಿಂತಳು. ನಾನು ಅಲ್ಲೇ ಗಾಡಿ ಒರೆಸುತ್ತಿದ್ದೆ.

"ಅಕ್ಕಾ, ನಿಮ್ಮ ಅಳತೆ ಎಲ್ಲ ನಿಮ್ಮ ತಲೇಲಿದೆ. ನಾಳೆ ನೀವು ಬರ್ಲಿಲ್ಲ ಅಂದ್ರೆ ನಾವು ಯಾರ ತಲೆ ಬಗ್ಗಿಸಿ ನೋಡ್ಬೇಕು? ಹೇಳಿ, ಬರ್ಕೋತೀನಿ. ಸೂಪಿಗೆ ಉಪ್ಪೆಷ್ಟು?"

"ಇದ್ರಲ್ಲಿ ಆರು. ಗೋಪುರ ಅಲ್ಲ ಮೇಡಂ, ಹೆಬ್ಬೆರಳಲ್ಲಿ ಸವರಿ ಮಟ್ಟಸ ಮಾಡಿ ಆರು."

"ಇದು ದೊಡ್ಡ ಚಮಚ ತಾನೆ? ಮೂರು ಸಣ್ಣ ಚಮಚ ಸೇರಿದ್ರೆ ಒಂದು?"

"ಮೂರೇ. ಇಪ್ಪತ್ತಾರು ವರ್ಷದಿಂದ ಮೂರೇ."

ಮೇಡಂ ಬರೆದುಕೊಂಡರು. ಒಂಬತ್ತು ಸಾಲು ಆಯಿತು. ಪೇಂಟರನ್ನು ಕರೆಸಿ ಒಲೆಯ ಎದುರಿನ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಅಳತೆ ಪಟ್ಟಿ ಬರೆಸಿದರು. ಕೆಳಗೆ, 'ಅಳತೆ ಹೇಳಿದವರು: ನಮ್ಮ ಹಿರಿಯ ಅಡಿಗೆಯವರು' ಎಂದು ಒಂದು ಸಾಲು. ಭಾವ ಯಂತ್ರ ನಿಲ್ಲಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅದನ್ನು ನೋಡಲೆಂದೇ ಬಂದರು. "ಬದುಕಿರುವಾಗ್ಲೇ ಗೋಡೆ ಹತ್ತಿದ್ಯಲ್ಲೇ ಮಾರಾಯ್ತಿ," ಎಂದರು. ಅಕ್ಕ ನಕ್ಕಳು. ಪೇಂಟು ಒಣಗಿದೆಯೋ ಇಲ್ಲವೋ ಎಂದು ಮೂರು ಸಲ ಮುಟ್ಟಿ ನೋಡಿದಳು.

ಆಮೇಲೆ ಉಂಗುರದಲ್ಲಿ ಪೋಣಿಸಿದ ಸ್ಟೀಲು ಚಮಚಗಳು ಬಂದವು. ಅರ್ಧ ಸಣ್ಣದು, ಸಣ್ಣದು, ದೊಡ್ಡದು. ಒಂದೊಂದರ ಮೇಲೂ ಮಿಲಿ ಕೆತ್ತಿದ್ದಾರೆ. ಸಣ್ಣದು ಐದು, ದೊಡ್ಡದು ಹದಿನೈದು. ಒಲೆಗೆ ಹೊಸ ಅಡಿಗೆಯವನು ಬಂದ. ನಲವತ್ತು ದಾಟಿದ ಗಟ್ಟಿ ಆಳು, ಎಲ್ಲಿಯೋ ತರಬೇತಿ ಪಡೆದವನು. ಅರ್ಧ ಚಮಚ ಹೆಚ್ಚುಕಡಿಮೆಯಾದರೂ ಒಪ್ಪುವುದಿಲ್ಲ. ಎರಡೇ ದಿನದಲ್ಲಿ ಎಲ್ಲರೂ ಅವನನ್ನು ಅರೆಚಮಚ ಎಂದು ಕರೆಯತೊಡಗಿದರು. ಅಕ್ಕನನ್ನು ತರಕಾರಿ ಹೆಚ್ಚುವ ಮೇಜಿಗೆ ಹಾಕಿದರು. ಅವಳ ಚಮಚವನ್ನು ಅವಳಿಗೇ ಕೊಟ್ಟು ಕಳಿಸಿದರು. ಇನ್ನು ಮೇಲೆ ಯಾರೂ ಅಡಿಗೆಯ ರುಚಿ ನೋಡುವ ಹಾಗಿಲ್ಲ, ಅದು ಶುಚಿಯಲ್ಲ, ಪಟ್ಟಿ ನೋಡಿ ಹಾಕಿದರೆ ಸಾಕು ಎಂದು ನಿಯಮವಾಯಿತು.

ಅದು ಒಂದು ಬುಧವಾರ.

ಶುಕ್ರವಾರದ ಹೊತ್ತಿಗೆ ನಾನೊಂದು ಹೊಸ ಸಂಗತಿ ಕಂಡೆ. ಕಿಡ್ನಿ ವಾರ್ಡಿನ ತಟ್ಟೆಗಳು ಖಾಲಿಯಾಗಿ ಬರುತ್ತಿದ್ದವು. ಅಲ್ಲಿಯವರೆಗೆ ಯಾವತ್ತೂ ಅರ್ಧಕ್ಕರ್ಧ ಉಳಿದೇ ಬರುತ್ತಿದ್ದವು. ಸಪ್ಪೆ ಊಟ ಯಾರಿಗೆ ಸೇರುತ್ತದೆ? ಈಗ ಬಟ್ಟಲನ್ನು ನೆಕ್ಕಿದ ಹಾಗೆ. ಸಿಸ್ಟರುಗಳು ಖುಷಿಯಾದರು. ಮೇಡಂ ಖುಷಿಯಾದರು. ಅರೆಚಮಚ ಎದೆಯುಬ್ಬಿಸಿ ಓಡಾಡಿದ. ನಾನೂ ಖುಷಿಯಿಂದಲೇ ಅಕ್ಕನ ಮೇಜಿನ ಹತ್ತಿರ ಗಾಡಿ ನಿಲ್ಲಿಸಿ ತೋರಿಸಿದೆ.

"ನೋಡಕ್ಕ, ನಿನ್ನ ಪಟ್ಟಿ ಮಹಿಮೆ. ಒಂದಗುಳು ಬಿಟ್ಟಿಲ್ಲ."

ಅಕ್ಕ ಕ್ಯಾರೆಟ್ ಹೆಚ್ಚುವುದನ್ನು ನಿಲ್ಲಿಸಿದಳು. ಒಂದು ತಟ್ಟೆ ಎತ್ತಿ ಬೆಳಕಿಗೆ ಹಿಡಿದಳು. ಇನ್ನೊಂದು ಎತ್ತಿದಳು.

"ಯಾಕೆ ಬಿಟ್ಟಿಲ್ಲ?" ಎಂದಳು.

"ರುಚಿಯಾಗಿದೆಯಂತೆ."

"ನನ್ನ ಅಳತೇಲಿ ಮಾಡಿದ್ದು ಯಾಕೋ ರುಚಿಯಾಗಿರತ್ತೆ? ಇಪ್ಪತ್ತಾರು ವರ್ಷ ಬೈಸ್ಕೊಂಡಿದೀನಿ ನಾನು."

"ಅವನ ಕೈಗುಣ ಇರ್ಬೇಕು."

"ಕೈಗುಣ ಉಪ್ಪು ಹಾಕಲ್ಲ ಕಣೋ."

ಆವತ್ತಿನಿಂದ ಅವಳಿಗೆ ನೆಮ್ಮದಿ ಹೋಯಿತು. ದಿನಕ್ಕೆ ಹತ್ತು ಸಲ ಎದ್ದು ಗೋಡೆಯ ಪಟ್ಟಿ ಓದುತ್ತಾಳೆ. ತಾನು ಹೇಳಿದ್ದೇ ಇದೆ, ಆರು ಎಂದೇ ಇದೆ. ಅರೆಚಮಚನ ಹಿಂದೆ ಹೋಗಿ ನಿಂತು ಅವನು ಹಾಕುವುದನ್ನು ಎಣಿಸುತ್ತಾಳೆ. ಆರೇ ಹಾಕುತ್ತಾನೆ, ಸವರಿ ಮಟ್ಟಸ ಮಾಡಿಯೇ ಹಾಕುತ್ತಾನೆ.

"ಏನಮ್ಮಾ, ನನ್ನ ಮೇಲೆ ಕಾವಲಾ?" ಎಂದು ಅವನು ಕೇಳಿದ.

"ಕಾವಲಲ್ಲಪ್ಪ. ಒಂದು ತೊಟ್ಟು ನಾಲಿಗೆಗೆ ಬಿಟ್ಕೋತೀನಿ."

"ನಿಯಮ ಇಲ್ಲ. ನೀವೇ ಹೇಳಿದ ಪಟ್ಟಿ, ನಿಮಗೇ ನಂಬಿಕೆ ಇಲ್ವಾ?"

ಅವಳು ವಾಪಸು ತನ್ನ ಮೇಜಿಗೆ ಬಂದಳು. ತಟ್ಟೆಯಲ್ಲಿ ಏನಾದರೂ ಉಳಿದಿದ್ದರೆ ಬೆರಳು ಅದ್ದಿ ನೋಡಬಹುದಿತ್ತು. ಏನೂ ಉಳಿಯುತ್ತಿರಲಿಲ್ಲ.

ಮೂರನೇ ಮಹಡಿಯಲ್ಲಿ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಒಬ್ಬರು ಮುದುಕರಿದ್ದರು. ಬಸ್ಸಿನಲ್ಲಿ ಕಂಡಕ್ಟರಾಗಿ ನಿವೃತ್ತರಾದವರು. ಎಲ್ಲರೂ ಕಂಡಕ್ಟರ್ ತಾತ ಎನ್ನುತ್ತಿದ್ದರು. ನನ್ನ ಗಾಡಿ ಕಂಡರೆ, "ಬಂದ್ಯಾ ಡ್ರೈವರ್? ಎಲ್ಲಿ ನಿಲ್ಲಿಸ್ಬೇಕೋ ಅಲ್ಲೇ ನಿಲ್ಲಿಸು, ನಿಂತಿರೋ ಪ್ಯಾಸೆಂಜರ್ ಯಾರೂ ಇಲ್ಲ, ಎಲ್ಲ ಮಲಗಿದೀವಿ," ಎನ್ನುತ್ತಿದ್ದರು. ಹೊಸ ಪಟ್ಟಿ ಬಂದ ಮೇಲೆ ಅವರು ಸೂಪು ಕುಡಿದು ಬಟ್ಟಲು ಬೋರಲು ಹಾಕಿ ತೋರಿಸುತ್ತಿದ್ದರು. ಆದರೆ ಗಂಟೆಗೊಮ್ಮೆ ನೀರು ಕೇಳುತ್ತಿದ್ದರು.

"ಉಪ್ಪು ತಿಂದೋನು ನೀರು ಕುಡೀಲೇಬೇಕು ಅಂತಾರೆ," ಎಂದರು ಒಂದು ದಿನ. "ಇಲ್ಲಿ ಉಪ್ಪೂ ಇಲ್ಲ, ನೀರೂ ಇಲ್ಲ. ಆದ್ರೂ ಗಂಟಲು ಒಣಗತ್ತೆ. ಇದ್ಯಾವ ನ್ಯಾಯ ಹೇಳು."

ನಾನು ನಕ್ಕು ಬಂದೆ. ಈಗ ನೆನೆಸಿಕೊಂಡರೆ ನನಗೇ ನಾಚಿಕೆ.

ಎರಡನೇ ಬುಧವಾರ ಅವರ ಕಾಲು ಊದಿತು. ಸಿಸ್ಟರು ಕಣಕಾಲನ್ನು ಬೆರಳಲ್ಲಿ ಒತ್ತಿದರೆ ಗುಂಡಿ ಬಿದ್ದು ಹಾಗೇ ಉಳಿಯುತ್ತಿತ್ತು. ತೂಕ ಏರಿತು. ಮಲಗಿದರೆ ಉಸಿರು ಸಿಗದು, ದಿಂಬು ಮೂರು ಹಾಕಿ ಒರಗಿಸಿದರು. ಬೇರೆ ಕೆಲವರಿಗೂ ತೂಕ ಸ್ವಲ್ಪ ಏರಿತ್ತು, ಬಿಸಿಲಿಗೆ ಕದ್ದು ನೀರು ಕುಡಿಯುತ್ತಾರೆ ಎಂದರು. ತಾತನ ಸ್ಥಿತಿ ಮಾತ್ರ ಕೆಟ್ಟಿತ್ತು. ಡಾಕ್ಟರು ಊಟದ ಪಟ್ಟಿ ತರಿಸಿ ನೋಡಿದರು. ನಮ್ಮ ಅಕ್ಕನೇ ಹೇಳಿದ್ದು, ಇಪ್ಪತ್ತಾರು ವರ್ಷದ ಅಳತೆ ಎಂದು ಮೇಡಂ ಹೇಳಿದರು. ಹಾಗಾದರೆ ತಪ್ಪು ಊಟದ್ದಲ್ಲ. ಹೊರಗಿನಿಂದ ಯಾರೋ ಉಪ್ಪಿನ ಪದಾರ್ಥ ತಂದು ಕೊಡುತ್ತಿದ್ದಾರೆ. ತಾತನ ಹತ್ತಿರ ಬರುತ್ತಿದ್ದದ್ದು ಒಬ್ಬಳೇ ಮಗಳು.

ಗುರುವಾರ ಅವಳ ಚೀಲ ತಪಾಸಣೆ ಮಾಡಿದರು. ಒಂದು ಬಾಚಣಿಗೆ, ಒಂದು ಪತ್ರಿಕೆ, ಒಗೆದ ಅಂಗಿ ಸಿಕ್ಕಿತು. ಆದರೂ ಅವಳ ಪಾಸು ಕಿತ್ತುಕೊಂಡರು. ಕಾಲು ಇಳಿಯುವವರೆಗೆ ಒಳಗೆ ಬಿಡುವುದಿಲ್ಲ ಎಂದರು. ಅವಳು ದಿನಾ ಸಂಜೆ ನಾಲ್ಕಕ್ಕೆ ಬಂದು ಆರರವರೆಗೆ ಗೇಟಿನ ಹೊರಗೆ ನಿಲ್ಲತೊಡಗಿದಳು. ಮೂರನೇ ಮಹಡಿಯ ಕಿಟಕಿ ಅಲ್ಲಿಂದ ಕಾಣುತ್ತದೆ. ತಾತ ಏಳಲಾರದವರು, ಅವಳಿಗೆ ಕಾಣುತ್ತಿದ್ದದ್ದು ಬರಿಯ ಕಿಟಕಿ.

ನಾನು ಇದನ್ನು ಅಕ್ಕನಿಗೆ ಹೇಳಿದೆ. ಅವಳ ಮುಖ ಸಣ್ಣದಾಯಿತು.

"ತಮ್ಮಾ, ನಾಳೆ ಸೂಪು ಒಯ್ಯುವಾಗ ಲಿಫ್ಟಲ್ಲಿ ಒಂದು ಗುಟುಕು ಬೇರೆ ತೆಗೆದಿಟ್ಟು ನಂಗೆ ತಂದ್ಕೊಡೋ."

"ಮುಚ್ಚಳಕ್ಕೆ ಚೀಟಿ ಅಂಟಿಸಿರ್ತಾರಕ್ಕ. ಒಡೆದ್ರೆ ಕೆಲಸ ಹೋಗತ್ತೆ."

"ಒಂದೇ ಗುಟುಕು ಕಣೋ."

"ಆಗಲ್ಲಕ್ಕ."

ಅವಳು ಮತ್ತೆ ಕೇಳಲಿಲ್ಲ. ನಾನು ನಿಯಮ ಮೀರುವವನಲ್ಲ. ಆ ಗುಟುಕು ತಂದುಕೊಟ್ಟಿದ್ದರೆ ತಾತನಿಗೆ ಮೂರು ದಿನದ ಉಪ್ಪು ತಪ್ಪುತ್ತಿತ್ತು. ಇದನ್ನು ನಾನು ಬರೆಯದೆ ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

ಭಾನುವಾರ ನಮ್ಮಿಬ್ಬರಿಗೂ ರಜೆ. ಮಧ್ಯಾಹ್ನ ಅಕ್ಕ ಮನೆಯಲ್ಲಿ ಒಳಗೂ ಹೊರಗೂ ಓಡಾಡುತ್ತಿದ್ದಳು. ಒರೆಸಿದ ಕಪಾಟನ್ನೇ ಒರೆಸಿದಳು. ಭಾವ ಒಂದು ಪ್ಯಾಂಟು ಬಿಚ್ಚುತ್ತಿದ್ದರು. ಹೊಲಿದುಕೊಟ್ಟದ್ದನ್ನು ಗಿರಾಕಿ ದೊಗಳೆಯಾಯಿತೆಂದು ವಾಪಸು ತಂದಿದ್ದ.

"ಇದು ಮೂರನೇದು," ಎಂದರು ಭಾವ. "ಊರಿಗೂರೇ ಸಣ್ಣಗಾಗಿಬಿಟ್ಟಿದೆ ಅಂದ್ಕೊಂಡೆ. ನೋಡಿದ್ರೆ ಜನ ಸಣ್ಣಗಾಗಿಲ್ಲ ಕಣೇ, ನನ್ನ ಟೇಪು ಕೆಟ್ಟಿದೆ."

"ಟೇಪು ಕೆಡತ್ತಾ?" ನಾನು ಕೇಳಿದೆ.

"ಮತ್ತೆ? ಬಟ್ಟೆ ಟೇಪು, ಎಳೆದು ಎಳೆದು ಹಿಗ್ಗಿದೆ. ಪುಸ್ತಕದಲ್ಲಿ ಬರೆದಿಟ್ಟ ಹಳೇ ಅಳತೆಗೆ ಇದ್ರಲ್ಲೇ ಕತ್ತರಿಸ್ತೀನಲ್ಲ, ಅದು ಮೂವತ್ತು ಅಂದ್ರೆ ನಿಜವಾಗಿ ಮೂವತ್ತೊಂದು. ಅಂಗಡೀಲಿ ಹೊಸದರ ಪಕ್ಕ ಇಟ್ಟಾಗ ಗೊತ್ತಾಯ್ತು. ದಿನಾ ಕುತ್ತಿಗೇಲಿ ನೇತಾಡೋದನ್ನ ಯಾರು ಅಳೀತಾರೆ?"

ಕಪಾಟಿನ ಹತ್ತಿರದ ಸದ್ದು ನಿಂತಿತು. ತಿರುಗಿ ನೋಡಿದರೆ ಅಕ್ಕ ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ಕಲ್ಲಿನ ಹಾಗೆ ನಿಂತಿದ್ದಳು. ಮರುಕ್ಷಣ ಅಡಿಗೆಮನೆಗೆ ಓಡಿದಳು. ಡಬ್ಬಗಳು ಉರುಳಿದವು. ತನ್ನ ಅಲ್ಯೂಮಿನಿಯಂ ಚಮಚ ತಂದಳು. ಭಾವನ ಕೆಮ್ಮಿನ ಔಷಧಿಯ ಶೀಶೆಯಿಂದ ಮುಚ್ಚಳ ತೆಗೆದುಕೊಂಡಳು. ಅಳೆದು ಕುಡಿಯಲು ಅದರಲ್ಲಿ ಐದು ಮಿಲಿಗೆ ಒಂದು ಗೆರೆ ಇದೆ. ಸಣ್ಣ ಚಮಚವೂ ಐದೇ ಮಿಲಿ. ಮೂರು ಮುಚ್ಚಳ ಹಿಡಿಯಬೇಕು ಅವಳ ಚಮಚ.

ಗೆರೆಯವರೆಗೆ ನೀರು ತುಂಬಿ ಚಮಚಕ್ಕೆ ಸುರಿದಳು. ಇನ್ನೊಂದು ಸುರಿದಳು. ನೀರು ಅಂಚಿಗೆ ಬಂತು. ಮೂರನೆಯದು ಸುರಿಯುತ್ತಲೇ ಪೂರಾ ಹೊರಗೆ ಚೆಲ್ಲಿ ಭಾವನ ಮೇಜಿನ ಮೇಲೆ ಹರಿಯಿತು.

"ಏಯ್, ಗಿರಾಕಿ ಬಟ್ಟೆ!" ಭಾವ ಪ್ಯಾಂಟು ಎಳೆದುಕೊಂಡರು.

ಅಕ್ಕನಿಗೆ ಕೇಳಿಸಲಿಲ್ಲ. ಮತ್ತೆ ಸುರಿದಳು. ಎರಡಕ್ಕೇ ತುಂಬಿತು. ಉಪ್ಪಿನಲ್ಲಿ ನೋಡಿದಳು, ಸಕ್ಕರೆಯಲ್ಲಿ ನೋಡಿದಳು. ನನ್ನ ಕೈಯಲ್ಲೂ ಮಾಡಿಸಿದಳು. ನಾನು ಮಾಡಿದರೂ ಎರಡೇ. ಚಮಚವನ್ನು ಬೆಳಕಿಗೆ ಹಿಡಿದು ನೋಡಿದೆ. ಮುಂದಿನ ತುದಿ ನೇರವಾಗಿ ಸವೆದು ಹೋಗಿತ್ತು, ಎಡಗಡೆಯ ಅಂಚು ಇರಲೇ ಇಲ್ಲ. ಇಪ್ಪತ್ತಾರು ವರ್ಷ ತಳ ಕೆರೆದು ಕೆರೆದು ಮೂರರ ಚಮಚ ಎರಡರ ಚಮಚವಾಗಿತ್ತು. ದಿನಾ ಕಂಡದ್ದರಿಂದ ಯಾರಿಗೂ ಕಂಡಿರಲಿಲ್ಲ.

ಅಕ್ಕ ಗೋಡೆಗೆ ಒರಗಿ ಲೆಕ್ಕ ಹಾಕತೊಡಗಿದಳು, ಜೋರಾಗಿಯೇ.

"ಮೊದಲನೇ ವರ್ಷ ಆ ಪಾತ್ರೆಗೆ ನಾಲ್ಕು ಹಾಕ್ತಿದ್ದೆ. ಆಕೆ ಎಣಿಸಿ ಹಾಕಿಸ್ತಿದ್ದಳು, ನಾಲ್ಕು, ಕೈ ತೆಗಿ ಅಂತ. ನಾಲ್ಕು ಮೂರಲೆ ಹನ್ನೆರಡು. ಹನ್ನೆರಡು ಸಣ್ಣ ಚಮಚ. ಆಮೇಲೆ ಐದಾಯ್ತು. ಉಪ್ಪೇ ಸಪ್ಪೆ ಬರ್ತಿದೆ ಅಂದ್ಕೊಂಡೆ. ಆಮೇಲೆ ಆರಾಯ್ತು. ನಾಲಿಗೆ ಕೇಳಿದಷ್ಟು ಹಾಕಿದೆ. ಆರೆರಡಲೆ ಹನ್ನೆರಡು. ಅಲ್ವೇನೋ? ಹನ್ನೆರಡೇ. ಉಪ್ಪು ಹೆಚ್ಚಿಲ್ಲ, ಕಮ್ಮಿಯಿಲ್ಲ."

"ಹಾಗಾದ್ರೆ ಸರಿಯಾಗೇ ಇದೆಯಲ್ಲೇ," ಎಂದರು ಭಾವ.

"ನನ್ನ ಕೈಲಿ ಸರಿ ರೀ! ಅವನ ಕೈಲಿ? ಅವನ ಚಮಚ ಹೊಸದು. ಆರು ಮೂರಲೆ ಹದಿನೆಂಟು. ಹನ್ನೆರಡರ ಜಾಗಕ್ಕೆ ಹದಿನೆಂಟು ಹೋಗ್ತಿದೆ. ಒಂಬತ್ತು ಸಾಲಿಗೂ ಹಾಗೇ ಹೇಳಿದೀನಿ. ಹನ್ನೆರಡು ದಿನ! ಮೇಡಂ ಕೇಳಿದ್ರು, ಮೂರು ತಾನೆ ಅಂತ. ಮೂರೇ ಅಂದೆ. ಎದೆ ತಟ್ಟಿ ಮೂರೇ ಅಂದೆ."

ಭಾವ ಮೇಜಿನ ಮೇಲಿನ ನೀರು ಒರೆಸಿದರು. ಆಮೇಲೆ ತಗ್ಗಿದ ದನಿಯಲ್ಲಿ, "ನೋಡು, ನಾಳೆ ಹೋಗಿ ಮೇಡಂ ಹತ್ರ ಉಪ್ಪು ಕಮ್ಮಿ ಮಾಡೋದು ಒಳ್ಳೇದು ಅಂತ ಹೇಳು. ಪಟ್ಟಿ ತಿದ್ದಿಸು. ಚಮಚದ ಸುದ್ದಿ ಯಾಕೆ ಎತ್ತಬೇಕು? ಇಪ್ಪತ್ತಾರು ವರ್ಷದ ಹೆಸರು ಕಣೇ," ಎಂದರು.

"ಆ ಹುಡುಗಿ ಗೇಟಲ್ಲಿ ನಿಂತಿದಾಳೆ ರೀ."

"ಯಾವ ಹುಡುಗಿ?"

"ಕಂಡಕ್ಟರ್ ಮಗಳು. ನಾನು ಬಾಯಿ ಮುಚ್ಕೊಂಡ್ರೆ ಅವಳೇ ಕಳ್ಳಿ ಆಗ್ತಾಳೆ."

ಭಾವ ಪ್ಯಾಂಟು ಮಡಿಸಿ ಬದಿಗಿಟ್ಟರು. ಗೋಡೆಯ ಮೇಲೆ ಗಡಿಯಾರ ನಾಲ್ಕೂಮುಕ್ಕಾಲು ತೋರಿಸುತ್ತಿತ್ತು. ರಾತ್ರಿಯೂಟದ ಗಾಡಿ ಐದೂವರೆಗೆ ಅಡಿಗೆಮನೆ ಬಿಡುತ್ತದೆ. ಅಕ್ಕ ಚಪ್ಪಲಿ ಮೆಟ್ಟಿದಳು. ಅವತ್ತು ಬೀಗ ಎಳೆದು ನೋಡಲು ಅವಳು ತಿರುಗಲಿಲ್ಲ.

ಬಸ್ಸು ನಿಲ್ದಾಣದಲ್ಲಿ ಐದು ನಿಮಿಷ ಕಾದೆವು. ಆ ಐದು ನಿಮಿಷದಲ್ಲಿ ಅವಳು ನಿಲ್ದಾಣದ ಈ ತುದಿಯಿಂದ ಆ ತುದಿಗೆ ಎಷ್ಟು ಸಲ ನಡೆದಳೋ. "ನಡಿ, ಕಾಲಿದೆಯಲ್ಲ," ಎಂದು ಹೊರಟೇಬಿಟ್ಟಳು. ನಾನು ಹಿಂದೆ ಓಡಿದೆ. ಸೇತುವೆ ದಾಟುವಾಗ ಬಸ್ಸು ನಮ್ಮನ್ನು ಹಿಂದೆ ಹಾಕಿ ಹೋಯಿತು. ಅವಳು ಅದನ್ನು ಬೈದಳು, ತನ್ನನ್ನೂ ಬೈದುಕೊಂಡಳು.

ಆಸ್ಪತ್ರೆ ಗೇಟಿನಲ್ಲಿ ಮಗಳು ನಿಂತಿದ್ದಳು. ಮೂವತ್ತರ ಹೆಂಗಸು, ಕೈಯಲ್ಲಿ ಅದೇ ಚೀಲ. ಅಕ್ಕ ಅವಳ ಮುಂದೆ ಒಂದು ಕ್ಷಣ ನಿಂತಳು. ಬಾಯಿ ತೆರೆದಳು. ಆಮೇಲೆ, "ಮೊದಲು ಗಾಡಿ," ಎಂದು ತನಗೇ ಹೇಳಿಕೊಂಡು ಒಳಗೆ ಓಡಿದಳು.

ಗಾಡಿ ಆಗಲೇ ಲಿಫ್ಟಿನ ಮುಂದಿತ್ತು. ಅವತ್ತಿನ ಪಾಳಿಯವನು ಗುಂಡಿ ಒತ್ತಿ ಕಾಯುತ್ತಿದ್ದ. ಅಕ್ಕ ಗಾಡಿಗೂ ಲಿಫ್ಟಿಗೂ ನಡುವೆ ಹೋಗಿ ನಿಂತಳು.

"ಇದು ಮೇಲೆ ಹೋಗಲ್ಲ."

"ಏನಕ್ಕ, ಹೊತ್ತಾಯ್ತು."

"ಹೋಗಲ್ಲ ಅಂದ್ರೆ ಹೋಗಲ್ಲ. ಹೋಗ್ಬೇಕಂದ್ರೆ ನನ್ನ ಮೇಲೆ ತಳ್ಕೊಂಡು ಹೋಗು."

ಗಲಾಟೆಗೆ ಅರೆಚಮಚ ಹೊರಗೆ ಬಂದ. ಅಕ್ಕ ಚಮಚ ಎತ್ತಿ ತೋರಿಸಿದಳು. ಹೇಳಬೇಕಾದ್ದನ್ನು ಒಂದೇ ಉಸಿರಿಗೆ ಹೇಳಿದಳು. ಅವನಿಗೆ ಮೊದಲು ಸಿಟ್ಟು ಬಂತು. "ನನ್ನ ಅಳತೆ ಒಂದು ಹರಳೂ ಆಚೀಚೆ ಆಗಿಲ್ಲ," ಎಂದ.

"ನೀನು ತಪ್ಪು ಮಾಡಿಲ್ಲಪ್ಪ. ನಾನು ಹೇಳಿದ್ದೇ ತಪ್ಪು. ನಿನ್ನ ದೊಡ್ಡ ಚಮಚ ತಾ. ಇಲ್ಲೇ ಸುರಿ."

ಅವನು ತಂದು ಸುರಿದ. ತನ್ನ ಸ್ಟೀಲು ಚಮಚದ ತುಂಬ ಉಪ್ಪು ತೆಗೆದು ಅಕ್ಕನ ಚಮಚಕ್ಕೆ ಹಾಕಿದ. ಅದು ತುಂಬಿ ಉಪ್ಪು ನೆಲಕ್ಕೆ ಸುರಿಯಿತು. ಅವನ ಮುಖ ಬಿಳುಚಿತು. ನಿಯಮ ಹಾಳಾಗಲಿ ಎಂದು ಸೂಪಿನ ಚೀಟಿ ಕಿತ್ತು ಒಂದು ತೊಟ್ಟು ಅಕ್ಕನ ಅಂಗೈಗೆ ಬಿಟ್ಟ. ಅಕ್ಕ ನೆಕ್ಕಿದಳು. ಕಣ್ಣು ಮುಚ್ಚಿ ತಲೆಯಾಡಿಸಿದಳು. "ಉಪ್ಪು," ಎಂದಳು.

ಮೇಡಂಗೆ ಫೋನು ಹೋಯಿತು. ಮನೆ ಹತ್ತಿರವೇ, ಹತ್ತು ನಿಮಿಷದಲ್ಲಿ ಬಂದರು. ಅವರೂ ಸುರಿದು ನೋಡಿದರು. "ನಾನೇ ಅವತ್ತು ಅಳೆದು ನೋಡ್ಬೇಕಿತ್ತು," ಎಂದು ಸ್ಟೂಲಿನ ಮೇಲೆ ಕೂತುಬಿಟ್ಟರು. ಆ ರಾತ್ರಿಗೆ ವಾರ್ಡಿಗೆಲ್ಲ ಉಪ್ಪಿಲ್ಲದೆ ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು ಕಳಿಸುವುದೆಂದಾಯಿತು. ಅರೆಚಮಚ ಒಲೆ ಹಚ್ಚಿದ. ನಾನು ಪಾಳಿಯಲ್ಲದಿದ್ದರೂ ಆಲೂಗಡ್ಡೆ ಸುಲಿದೆ.

"ಡಾಕ್ಟರಿಗೆ ಹೇಳ್ಬೇಕು ಮೇಡಂ. ಈಗ್ಲೇ," ಎಂದಳು ಅಕ್ಕ.

"ಹೇಳ್ತೀನಕ್ಕ. ಬರೆದು ಕೊಡ್ಬೇಕಾಗತ್ತೆ. ಯಾರ ಹೆಸರಲ್ಲಿ ಬರೀಲಿ?" ಮೇಡಂ ಅವಳ ಮುಖ ನೋಡಲಿಲ್ಲ.

"ಕಾಗದ ಕೊಡಿ. ನಾನೇ ಬರೀತೀನಿ."

ಅಕ್ಕ ತರಕಾರಿ ಮೇಜಿನ ಮೇಲೆ ಕಾಗದವಿಟ್ಟು ನಿಂತೇ ಬರೆದಳು. ಅವಳ ಅಕ್ಷರ ನನಗಿಂತ ಕೆಟ್ಟದು. 'ನನ್ನ ಚಮಚ ಸವೆದಿತ್ತು. ನೋಡದೆ ಮೂರು ಎಂದು ಹೇಳಿದೆ. ಹನ್ನೆರಡು ದಿನ ಉಪ್ಪು ಒಂದೂವರೆಯಷ್ಟು ಹೋಗಿದೆ. ಕಂಡಕ್ಟರ ಮಗಳು ಏನೂ ತಂದಿಲ್ಲ. ಅವಳನ್ನು ಒಳಗೆ ಬಿಡಿ.' ಇಷ್ಟೇ. ಮೇಡಂ ಅದನ್ನು ಓದಿ, ಕೆಳಗೆ ತಮ್ಮ ಹೆಸರನ್ನೂ ಬರೆದು ಮೇಲೆ ಹೋದರು.

ಆರು ಹೊಡೆಯಿತು. ಗೇಟಿನವನು ಎಲ್ಲರನ್ನೂ ಕಳಿಸುತ್ತಿದ್ದ. ಅಕ್ಕ ಓಡಿ ಹೋಗಿ ಮಗಳ ಕೈ ಹಿಡಿದುಕೊಂಡಳು. ಅವಳು ಬೆಚ್ಚಿ ಕೈ ಎಳೆದುಕೊಂಡಳು.

"ಹೋಗ್ಬೇಡಮ್ಮ. ಬಿಡ್ತಾರೆ. ಪಾಸು ಬರ್ತಿದೆ."

"ನೀವ್ಯಾರು?"

"ನಿಮ್ಮಪ್ಪನಿಗೆ ಉಪ್ಪು ಹಾಕಿದೋಳು."

ಅಕ್ಕ ಎಲ್ಲ ಹೇಳಿದಳು. ಮಗಳು ಕೇಳುತ್ತ ಕೇಳುತ್ತ ಚೀಲವನ್ನು ಎದೆಗೆ ಒತ್ತಿಕೊಂಡಳು.

"ನಾನು ಅಪ್ಪನಿಗೆ ವಿಷ ಹಾಕ್ದೆ ಅನ್ನೋ ಹಾಗೆ ನೋಡಿದ್ರು ಎಲ್ರೂ," ಎಂದಳು. "ಅಪ್ಪನೂ ಕೇಳಿದ್ರಂತೆ ಸಿಸ್ಟರ್‌ನ, ನನ್ನ ಮಗಳು ಏನಾದ್ರೂ ಬೆರೆಸಿದಾಳಾ ಅಂತ. ನನ್ನಪ್ಪ ಕೇಳಿದ್ರು. ಅದಕ್ಕೆ ಎಷ್ಟು ಚಮಚ ಹೇಳಿ?"

ಅಕ್ಕ ತಲೆ ತಗ್ಗಿಸಿದಳು. ಪಾಸು ಬಂತು. ಮಗಳು ಅಕ್ಕನತ್ತ ತಿರುಗಿ ನೋಡದೆ ಮೆಟ್ಟಿಲು ಹತ್ತಿದಳು.

ಮರುದಿನ ಪೇಂಟರು ಬಂದು ಒಂಬತ್ತು ಸಾಲನ್ನೂ ಅಳಿಸಿದ. ಅಕ್ಕನೂ ಅರೆಚಮಚನೂ ಕೂಡಿ ಒಂದೊಂದನ್ನೂ ಸುರಿದು, ರುಚಿ ನೋಡಿ, ಮತ್ತೆ ಸುರಿದು ಹೊಸದಾಗಿ ಬರೆಸಿದರು. ಸೂಪಿಗೆ ದೊಡ್ಡ ಚಮಚ ನಾಲ್ಕು ಎಂದಾಯಿತು. ಕೆಳಗಿನ ಸಾಲು, ಹಿರಿಯ ಅಡಿಗೆಯವರದ್ದು, ಮತ್ತೆ ಬರೆಯಲಿಲ್ಲ. ಬರೆಯಬೇಕಾ ಎಂದು ಪೇಂಟರು ಕೇಳಿದಾಗ ಬೇಡವೆಂದವಳು ಅಕ್ಕನೇ. ಮೇಲಿನಿಂದ ಒಂದು ಎಚ್ಚರಿಕೆ ಪತ್ರ ಬಂತು. ಅದನ್ನು ಭಾವ ಓದಿ ಹೇಳಿದರು. ಕೆಲಸದಿಂದ ತೆಗೆಯಲಿಲ್ಲ.

ಆದರೆ ಅವಳಿಗೆ ನಿದ್ದೆ ಬರಲಿಲ್ಲ. ದಿನಾ ಬೆಳಿಗ್ಗೆ ನಾನು ಮೂರನೇ ಮಹಡಿಯಿಂದ ಇಳಿಯುವುದನ್ನೇ ಕಾಯುತ್ತಿದ್ದಳು.

"ಇವತ್ತೆಷ್ಟು?"

"ತೂಕ ಮುಕ್ಕಾಲು ಕಿಲೋ ಇಳಿದಿದೆ."

"ಉಸಿರು?"

"ಎರಡು ದಿಂಬಿಗೆ ಬಂದಿದಾರೆ."

"ಬೈತಾರಾ?"

"ಸೂಪನ್ನ ಬೈತಾರೆ. ಇದು ಸೂಪಲ್ಲ, ಪಾತ್ರೆ ತೊಳೆದ ನೀರು ಅಂತಾರೆ."

ಅದನ್ನು ಕೇಳಿದರೆ ಅವಳ ಮುಖ ಒಂದಿಷ್ಟು ಅರಳುತ್ತಿತ್ತು. ಒಂದು ಸಲ ಧೈರ್ಯ ಮಾಡಿ ಮೇಲೆ ಹೋದಳು. ಮಗಳು ಇಲ್ಲದ ಹೊತ್ತು ನೋಡಿಕೊಂಡೇ ಹೋದಳು. ತಾತ ಒರಗಿ ಕೂತಿದ್ದರು.

"ನೀನೇನಾ?" ಎಂದರು. "ಇಲ್ಲಿಗೆ ಬಂದ್ಮೇಲೆ ಹನ್ನೆರಡೇ ದಿನ ಮನುಷ್ಯರ ಊಟ ಮಾಡಿದ್ದು ನಾನು. ಅದಕ್ಕೂ ಕ್ಷಮೆ ಕೇಳೋಕೆ ಬಂದ್ಯಾ?"

"ನಿಮ್ಮ ಮಗಳು..."

"ಅವಳ ಹತ್ರ ನಾನೂ ಕೇಳಿಲ್ಲ ಇನ್ನೂ. ನಾನೂ ಅವಳ ಮೇಲೆ ಅನುಮಾನ ಪಟ್ಟೋನೇ. ನಿನಗಿಂತ ನನ್ನದೇ ದೊಡ್ಡದು ಬಾಕಿ." ತಾತ ಕಿಟಕಿಯ ಕಡೆ ತಿರುಗಿದರು.

ಮೂರು ವಾರ ಹಿಡಿಯಿತು. ಕಾಲು ಪೂರ್ತಿ ಇಳಿಯಿತು. ಮನೆಗೆ ಕಳಿಸುತ್ತೇವೆ ಎಂದು ಡಾಕ್ಟರು ಹೇಳಿದ ದಿನ ನಾನೇ ಗಾಲಿಕುರ್ಚಿ ತಳ್ಳಿಕೊಂಡು ಅವರನ್ನು ಕೆಳಕ್ಕೆ ಇಳಿಸಿದೆ. ಹಿಂದಿನ ಬಾಗಿಲಲ್ಲಿ ಒಂದು ಬಾಡಿಗೆ ವ್ಯಾನು ನಿಂತಿತ್ತು. ಅಡಿಗೆಮನೆಯ ಬಾಗಿಲೂ ಅಲ್ಲೇ. ಅಕ್ಕ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. ಹತ್ತಿರ ಬರಲಿಲ್ಲ. ಒಳಗೆ ಹೋದಳು, ಮತ್ತೆ ಹೊರಗೆ ಬಂದಳು.

ತಾತನನ್ನು ವ್ಯಾನಿನಲ್ಲಿ ಕೂರಿಸಿದೆವು. ಮಗಳು ಹತ್ತಿ ಬಾಗಿಲೆಳೆದುಕೊಂಡಳು. ಆಮೇಲೆ ಏನೆನ್ನಿಸಿತೋ, ಕಿಟಕಿಯ ಗಾಜು ಇಳಿಸಿ ಅಕ್ಕನನ್ನು ನೋಡಿದಳು. ನಗಲಿಲ್ಲ.

"ದಿನಕ್ಕೆ ಅರ್ಧ ಸಣ್ಣ ಚಮಚ ಅಂದಿದಾರೆ ಡಾಕ್ಟರು, ಮೂರು ಹೊತ್ತಿಗೂ ಸೇರಿ," ಎಂದಳು. "ನಮ್ಮನೇಲಿ ಅಂಥ ಚಮಚ ಇಲ್ಲ. ಟೀಗೆ ಸಕ್ಕರೆ ಹಾಕೋದು ಒಂದಿದೆ. ಅದ್ರಲ್ಲಿ ಅರ್ಧ ಹಾಕಿದ್ರೆ ಆಗತ್ತಾ?"

ಅಕ್ಕ ಎರಡು ಹೆಜ್ಜೆ ಮುಂದೆ ಬಂದಳು. ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು.

"ಎಷ್ಟು ದೊಡ್ಡದಿದೆ?"

ಮಗಳು ಬೆರಳಲ್ಲಿ ತೋರಿಸಿದಳು.

"ಹಳೇದಾ, ಹೊಸದಾ?"

"ಅಮ್ಮನ ಕಾಲದ್ದು."

"ನೋಡದೆ ನಾನು ಹೇಳಲ್ಲಮ್ಮ," ಎಂದಳು ಅಕ್ಕ. "ಇನ್ನೊಂದು ಸಲ ನೋಡದೆ ಹೇಳಲ್ಲ."

ಮಗಳು ಅವಳನ್ನೇ ದಿಟ್ಟಿಸಿದಳು. ಡ್ರೈವರು ಹಾರನ್ನು ಹೊಡೆದ. ತಾತ ಒಳಗಿನಿಂದ, "ರೈಟ್ ಅನ್ಬೇಡ ಕಣಮ್ಮ, ಒಂದು ಸೀಟಿದೆ," ಎಂದರು.

ಮಗಳು ಪಕ್ಕದಲ್ಲಿದ್ದ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಬಾಗಿಲು ತೆರೆದು ಒಳಕ್ಕೆ ಸರಿದಳು. ಅಕ್ಕ ಏಪ್ರನ್ನು ಬಿಚ್ಚದೆ, ಯಾರಿಗೂ ಹೇಳದೆ ವ್ಯಾನು ಹತ್ತಿದಳು. ಮಧ್ಯಾಹ್ನದ ತರಕಾರಿ ಅರ್ಧ ಹೆಚ್ಚಿ ಮೇಜಿನ ಮೇಲೆ ಹಾಗೇ ಇತ್ತು. ನಾನು ಕೈ ತೊಳೆದುಕೊಂಡು ಬಂದು ಉಳಿದದ್ದನ್ನು ಹೆಚ್ಚಿದೆ.